ಬಾಬ್ ಮಾರ್ಲಿಯ ನಂತರ ಯಾರು? ಹೊಸ ಕೇಳುಗರಿಗೆ ರೆಗೆ ತಂಡಗಳು

ಶರಾವತಿ_ಕಣಿವೆ

ಜಮೈಕಾದ ರೆಗೆ ಸಂಗೀತವೆಂದರೆ ನಾನು ಈವರೆಗೆ ಕೇಳಿರುವುದು ಬಾಬ್ ಮಾರ್ಲಿಯ ‘ಲೆಜೆಂಡ್’ ಸಂಕಲನವನ್ನು ಮಾತ್ರ. 1984ರಲ್ಲಿ, ಮಾರ್ಲಿ ತೀರಿಕೊಂಡು ಮೂರು ವರ್ಷಗಳಾದ ಮೇಲೆ ಬಂದ ಆ ಸಂಕಲನದ ಹಾಡುಗಳೆಲ್ಲ ನನಗೆ ಬಾಯಿಪಾಠವಾಗಿವೆ. ಈಗ ಒಬ್ಬನೇ ಗಾಯಕನನ್ನು ಬಿಟ್ಟು ತಂಡಗಳನ್ನು, ಅದರಲ್ಲೂ ಹಲವರು ಸೇರಿ ಹಾಡುವ ತಂಡಗಳನ್ನು ಕೇಳಬೇಕೆಂದಿದ್ದೇನೆ. ಹುಡುಕಿದರೆ ನೂರು ಹೆಸರುಗಳ ಪಟ್ಟಿಗಳು ಸಿಗುತ್ತವೆ, ಆದರೆ ಯಾವುದನ್ನು ಮೊದಲು ಕೇಳಬೇಕು, ಏಕೆ ಕೇಳಬೇಕು ಎಂಬುದನ್ನು ಅವು ತಿಳಿಸುವುದಿಲ್ಲ.

ಬಲ್ಲವರು ದಯವಿಟ್ಟು ನಾಲ್ಕೈದು ತಂಡಗಳನ್ನು ಕಾರಣಸಹಿತ ಸೂಚಿಸಬೇಕು. ಜಮೈಕಾದ ಆಡುನುಡಿ ನನಗೆ ಅಷ್ಟಾಗಿ ಅರ್ಥವಾಗುವುದಿಲ್ಲ. ಅದು ತೊಡಕಾಗುತ್ತದೆಯೇ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.

ಹಳೆಯ_ಕ್ಯಾಸೆಟ್ಟು

ಟೂಟ್ಸ್ ಅಂಡ್ ದ ಮೇಟಲ್ಸ್ ತಂಡದಿಂದ ಆರಂಭಿಸಿ. ಈ ಸಂಗೀತಪ್ರಕಾರದ ಹೆಸರು ಮೊದಲು ಕಾಣಿಸಿಕೊಂಡ ಹಾಡು ಇವರದೇ, 1968ರ ‘ಡು ದ ರೆಗೆ’. ಟೂಟ್ಸ್ ಹಿಬ್ಬರ್ಟ್, ರೇಲಿ ಗಾರ್ಡನ್ ಮತ್ತು ಜೆರ್ರಿ ಮಥಾಯಸ್ ಎಂಬ ಮೂವರು ಗಾಯಕರ ತಂಡವಿದು. ಇಗರ್ಜಿಯಲ್ಲಿ ಹಾಡಿ ಬೆಳೆದ ದನಿ ಟೂಟ್ಸ್‌ನದು. ಉಳಿದಿಬ್ಬರು ಆ ದನಿಗೆ ಮಾರುತ್ತರ ಕೊಡುವಾಗ ಸಭೆಯೇ ಎದ್ದು ನಿಂತು ಹಾಡಿದ ಅನುಭವವಾಗುತ್ತದೆ. ‘54-46 ದಟ್ಸ್ ಮೈ ನಂಬರ್’ ಟೂಟ್ಸ್ ಸೆರೆಮನೆಯಿಂದ ಹೊರಬಂದ ಮೇಲೆ ಕಟ್ಟಿದ ಹಾಡು. ಅದನ್ನೂ ‘ಪ್ರೆಷರ್ ಡ್ರಾಪ್’ ಹಾಡನ್ನೂ ಒಂದರ ಹಿಂದೊಂದು ಕೇಳಿ. ಭಾಷೆಯ ತೊಡಕು ಇಲ್ಲಿ ಬಹುಮಟ್ಟಿಗೆ ಬರುವುದೇ ಇಲ್ಲ, ಏಕೆಂದರೆ ಸಂತೋಷವೂ ಸಂಕಟವೂ ಪದಗಳಿಗಿಂತ ಮೊದಲು ಆ ದನಿಯಲ್ಲಿಯೇ ಇವೆ.

ಟೂಟ್ಸ್ 2020ರ ಸೆಪ್ಟೆಂಬರ್ 11ರಂದು ತೀರಿಕೊಂಡರು. ಅದಕ್ಕೆ ಕೆಲವೇ ದಿನಗಳ ಮೊದಲು ಬಿಡುಗಡೆಯಾಗಿದ್ದ ‘ಗಾಟ್ ಟು ಬಿ ಟಫ್’ ಆಲ್ಬಮ್ಮಿಗೆ ಮರು ವರ್ಷ ಗ್ರ್ಯಾಮಿ ಬಂದಿತು. ಬದುಕಿದ್ದಾಗ ಈ ಮನುಷ್ಯನಿಗೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲವೆಂಬ ನೋವು ನನಗಿದೆ.

ಕುಡ್ಲದ_ಕಿವಿ

ಮೊದಲು ವೇಲರ್ಸ್ ತಂಡವನ್ನು ಕೇಳಿ ಮುಗಿಸಲಿ, ಉಳಿದದ್ದು ಆಮೇಲೆ.

ಹಳೆಯ_ಕ್ಯಾಸೆಟ್ಟು

ಅವರು ಮಾರ್ಲಿಯನ್ನು ಬಿಟ್ಟು ಮುಂದೆ ಹೋಗಬೇಕೆಂದಲ್ಲವೇ ಕೇಳಿರುವುದು? ಮತ್ತೆ ಅಲ್ಲಿಗೇ ಕಳುಹಿಸಿದರೆ ಹೇಗೆ?

ಕುಡ್ಲದ_ಕಿವಿ

ಅದೇ ಅಲ್ಲ ಸರ್. ‘ಲೆಜೆಂಡ್’ ಕೇಳಿದವರು ಮಾರ್ಲಿಯನ್ನು ಕೇಳಿರುತ್ತಾರೆ, ವೇಲರ್ಸ್ ತಂಡವನ್ನು ಕೇಳಿರುವುದಿಲ್ಲ. 1963ರ ಸುಮಾರಿಗೆ ಕಿಂಗ್‌ಸ್ಟನ್ ನಗರದ ಟ್ರೆಂಚ್ ಟೌನ್ ಎಂಬ ಬಡವರ ಕೇರಿಯಲ್ಲಿ ಹುಟ್ಟಿದ ತಂಡದಲ್ಲಿ ಮಾರ್ಲಿ, ಪೀಟರ್ ಟಾಶ್ ಮತ್ತು ಬನ್ನಿ ವೇಲರ್ ಸರಿಸಮಾನರಾಗಿದ್ದರು. ಅದೇ ಕೇರಿಯ ಜೋ ಹಿಗ್ಸ್ ಎಂಬ ಗಾಯಕ ತಮ್ಮ ಅಂಗಳದಲ್ಲಿ ಕೂರಿಸಿಕೊಂಡು ಮೂರು ದನಿಗಳನ್ನು ಒಂದಕ್ಕೊಂದು ಹೊಂದಿಸಿ ಹಾಡುವುದನ್ನು ಅವರಿಗೆ ಕಲಿಸಿದರು. ಆ ಪಾಠದ ಫಲ ಕಿವಿಗೆ ಬೀಳುವುದು 1973ರ ‘ಕ್ಯಾಚ್ ಎ ಫೈರ್’ ಮತ್ತು ‘ಬರ್ನಿನ್’ ಎಂಬ ಎರಡು ಆಲ್ಬಮ್ಮುಗಳಲ್ಲಿ. ಆಮೇಲೆ ಟಾಶ್ ಮತ್ತು ಬನ್ನಿ ಇಬ್ಬರೂ ತಂಡ ಬಿಟ್ಟರು. ಅಲ್ಲಿಂದ ಮುಂದಿನದು ಮಾರ್ಲಿ ಮತ್ತು ಅವರ ಹಿಮ್ಮೇಳ.

‘ಕ್ಯಾಚ್ ಎ ಫೈರ್’ ಎರಡು ರೂಪಗಳಲ್ಲಿ ಸಿಗುತ್ತದೆ. ಐಲೆಂಡ್ ರೆಕಾರ್ಡ್ಸ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ರಾಕ್ ಸಂಗೀತ ಕೇಳುವವರಿಗೆ ಒಗ್ಗಲೆಂದು ಲಂಡನ್ನಿನಲ್ಲಿ ಅದಕ್ಕೆ ಬೇರೆಯವರಿಂದ ಗಿಟಾರ್ ಮತ್ತು ಕೀಬೋರ್ಡ್ ಸೇರಿಸಿದರು. ಹಾಗೆ ಸೇರಿಸುವ ಮೊದಲಿನ ಜಮೈಕಾ ರೂಪ 2001ರಲ್ಲಿ ಹೊರಬಂದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ರೆಗೆ ಹೊರಜಗತ್ತಿಗೆ ಹೋಗುವಾಗ ಏನನ್ನು ಪಡೆಯಿತು, ಏನನ್ನು ಕಳೆದುಕೊಂಡಿತು ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೃದಂಗದ_ಮನೆ

ತಂಡಗಳ ಹೆಸರಿಗಿಂತ ಮೊದಲು ಲಯದ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಿವಿ ಸಮದ ಮೇಲೆ ಪೆಟ್ಟು ಬೀಳುವುದನ್ನು ಕಾಯುತ್ತಿರುತ್ತದೆ. ಕಾರ್ಲ್‌ಟನ್ ಬ್ಯಾರೆಟ್ ವೇಲರ್ಸ್‌ಗಾಗಿ ಬಾರಿಸಿ ಪ್ರಸಿದ್ಧಿಗೆ ತಂದ ‘ಒನ್ ಡ್ರಾಪ್’ ನಡೆಯಲ್ಲಿ ನಾಲ್ಕು ಎಣಿಕೆಯ ಮೊದಲ ಪೆಟ್ಟು ಬರಿದಾಗಿರುತ್ತದೆ. ದೊಡ್ಡ ಡ್ರಮ್ಮು ಮತ್ತು ಸ್ನೇರ್ ಎಂಬ ಚಿಕ್ಕ ಡ್ರಮ್ಮು ಎರಡೂ ಒಟ್ಟಿಗೆ ಮೂರನೆಯ ಎಣಿಕೆಯ ಮೇಲೆ ಬೀಳುತ್ತವೆ, ಎರಡು ಮತ್ತು ನಾಲ್ಕನೆಯ ಎಣಿಕೆಗಳಲ್ಲಿ ಗಿಟಾರ್ ಚಿಕ್ಕದಾಗಿ ಕತ್ತರಿಸಿದ ಸದ್ದು ಮಾಡುತ್ತದೆ. ಬೇಸ್ ಗಿಟಾರ್ ಇವೆಲ್ಲವುಗಳ ನಡುವೆ ಹಾಡನ್ನೇ ಹಾಡುತ್ತಿರುತ್ತದೆ. ಕೈಯಲ್ಲಿ ತಾಳ ಹಾಕುತ್ತ ಒಂದು ಹಾಡನ್ನು ಕೊನೆಯವರೆಗೆ ಕೇಳಿದರೆ ಆ ಖಾಲಿ ಜಾಗದ ಸೆಳೆತ ಗೊತ್ತಾಗುತ್ತದೆ. ಅದು ಗೊತ್ತಾಗದೆ ಎಷ್ಟು ತಂಡಗಳನ್ನು ಕೇಳಿದರೂ ಎಲ್ಲವೂ ಒಂದೇ ತರಹ ಕೇಳಿಸುತ್ತವೆ.

ಬಯಲುಸೀಮೆ_77

ಎಲ್ಲವೂ ಒಂದೇ ತರಹ ಕೇಳಿಸುತ್ತದೆ ಎನ್ನುವವರಲ್ಲಿ ನಾನೂ ಒಬ್ಬ. ಅದಕ್ಕೆ ಕೇಳುಗನ ಕಿವಿಯನ್ನು ದೂರುವುದು ಸರಿಯಲ್ಲ. ಹತ್ತು ತಂಡಗಳನ್ನು ಕೇಳಿದರೆ ಹತ್ತರಲ್ಲೂ ಅದೇ ಡ್ರಮ್ಮು, ಅದೇ ಬೇಸ್ ಇರುತ್ತದೆ.

ಬೇಸ್_ತಂತಿ

ಬಯಲುಸೀಮೆಯವರೇ, ನೀವು ತಿಳಿಯದೆಯೇ ನಿಜವಾದ ವಿಷಯಕ್ಕೆ ಬಂದಿದ್ದೀರಿ. ಹತ್ತರಲ್ಲೂ ಅದೇ ಡ್ರಮ್ಮು ಇರುವುದಕ್ಕೆ ಕಾರಣ, ಎಷ್ಟೋ ಬಾರಿ ಹತ್ತರಲ್ಲೂ ಅದೇ ಮನುಷ್ಯ ಬಾರಿಸಿದ್ದಾನೆ ಎಂಬುದು.

ರಾಕ್ ಸಂಗೀತದಲ್ಲಿ ತಂಡವೆಂದರೆ ಹಾಡುವವರು, ಬಾರಿಸುವವರು ಎಲ್ಲರೂ ಸೇರಿದ ನಾಲ್ಕೈದು ಜನ. ಎಪ್ಪತ್ತರ ದಶಕದ ಜಮೈಕಾದಲ್ಲಿ ತಂಡವೆಂದರೆ ಸಾಮಾನ್ಯವಾಗಿ ಮೂವರು ಗಾಯಕರು ಮಾತ್ರ. ಮೈಟಿ ಡೈಮಂಡ್ಸ್, ಕಲ್ಚರ್, ಅಬಿಸೀನಿಯನ್ಸ್, ಹೆಪ್‌ಟೋನ್ಸ್ ತಂಡಗಳೂ ಆರಂಭದ ದಿನಗಳ ಬರ್ನಿಂಗ್ ಸ್ಪಿಯರ್ ತಂಡವೂ ಹೀಗೆ ಮೂರು ದನಿಗಳ ತಂಡಗಳು. ವಾದ್ಯದವರು ಸ್ಟುಡಿಯೋಗೆ ಸೇರಿದವರು. ಮ್ಯಾಕ್ಸ್‌ಫೀಲ್ಡ್ ಅವೆನ್ಯೂದಲ್ಲಿದ್ದ ಚಾನೆಲ್ ಒನ್ ಸ್ಟುಡಿಯೋದ ವಾದ್ಯಗಾರರಿಗೆ ರೆವಲ್ಯೂಷನರೀಸ್ ಎಂದು ಹೆಸರು. ಅಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು ಸ್ಲೈ ಡನ್‌ಬಾರ್. ಮೈಟಿ ಡೈಮಂಡ್ಸ್ ತಂಡದ 1976ರ ‘ರೈಟ್ ಟೈಮ್’ ಆಲ್ಬಮ್ಮಿನಲ್ಲಿಯೂ ಅವರದೇ ಕೈ, ಮರು ವರ್ಷ ಜೋ ಗಿಬ್ಸ್ ಎಂಬ ಬೇರೊಬ್ಬ ನಿರ್ಮಾಪಕರಿಗಾಗಿ ಕಲ್ಚರ್ ತಂಡ ಹಾಡಿದ ‘ಟೂ ಸೆವೆನ್ಸ್ ಕ್ಲ್ಯಾಷ್’ ಆಲ್ಬಮ್ಮಿನಲ್ಲಿಯೂ ಅವರದೇ ಕೈ. ವೇಲರ್ಸ್ ತಂಡದ ಬೆನ್ನೆಲುಬಾದ ಬ್ಯಾರೆಟ್ ಸಹೋದರರು ಕೂಡ ಮೊದಲು ಲೀ ಪೆರಿ ಎಂಬ ನಿರ್ಮಾಪಕರ ಅಪ್‌ಸೆಟರ್ಸ್ ಹಿಮ್ಮೇಳದಲ್ಲಿದ್ದವರು.

ಆದ್ದರಿಂದ ಹೊಸ ಕೇಳುಗರಿಗೆ ನಾನು ಹೇಳುವುದು ಇಷ್ಟು. ಮುಖಪುಟದ ಮೇಲಿರುವ ಹೆಸರನ್ನು ಮಾತ್ರ ಹಿಂಬಾಲಿಸಿದರೆ ಅರ್ಧ ದಾರಿಯಲ್ಲಿ ನಿಲ್ಲುತ್ತೀರಿ. ಯಾವ ಸ್ಟುಡಿಯೋ, ಯಾರ ಡ್ರಮ್ಮು, ಯಾರ ಬೇಸ್ ಎಂಬುದನ್ನು ಗುರುತಿಸುತ್ತ ಹೋದರೆ ಒಂದು ತಂಡ ಇನ್ನೊಂದು ತಂಡಕ್ಕೆ ತಾನೇ ಕರೆದುಕೊಂಡು ಹೋಗುತ್ತದೆ. ಒಂದೇ ಕೈ ಬಾರಿಸಿದ್ದರೂ ಡೈಮಂಡ್ಸ್‌ನ ನಯವಾದ ಮೂರು ದನಿಗಳ ಕೆಳಗೆ ಅದು ಬೇರೆಯಾಗಿ ಕೇಳಿಸುತ್ತದೆ, ಕಲ್ಚರ್ ತಂಡದ ಮುಖ್ಯ ಗಾಯಕ ಜೋಸೆಫ್ ಹಿಲ್‌ನ ಒರಟು ಹಳ್ಳಿಗಾಡಿನ ದನಿಯ ಕೆಳಗೆ ಬೇರೆಯಾಗಿ ಕೇಳಿಸುತ್ತದೆ. ನನ್ನ ಮಟ್ಟಿಗೆ ರೆಗೆ ಕೇಳುವುದರ ನಿಜವಾದ ಸುಖ ಇರುವುದು ಆ ವ್ಯತ್ಯಾಸವನ್ನು ಕಂಡುಕೊಳ್ಳುವುದರಲ್ಲಿ.

ಮೃದಂಗದ_ಮನೆ

ಸ್ಲೈ ಡನ್‌ಬಾರ್ ಚಾನೆಲ್ ಒನ್‌ನಲ್ಲಿ ಬಾರಿಸಿದ್ದು ಒನ್ ಡ್ರಾಪ್‌ಗಿಂತ ಹೆಚ್ಚಾಗಿ ‘ರಾಕರ್ಸ್’ ನಡೆಯನ್ನು. ಅದರಲ್ಲಿ ಪೆಟ್ಟುಗಳು ಹೆಚ್ಚು, ಓಟವೂ ಹೆಚ್ಚು. ‘ಅದೇ ಡ್ರಮ್ಮು’ ಎಂದವರು ವೇಲರ್ಸ್‌ನ ಒಂದು ಹಾಡನ್ನೂ ಡೈಮಂಡ್ಸ್‌ನ ಒಂದು ಹಾಡನ್ನೂ ಎದುರುಬದುರು ಇಟ್ಟು ನೋಡಬೇಕು.

ಲಂಡನ್_ಕನ್ನಡತಿ

ಎಲ್ಲರೂ ಜಮೈಕಾದಲ್ಲಿಯೇ ನಿಂತುಬಿಟ್ಟಿದ್ದೀರಿ. ಹಾಡುವವರೂ ಬಾರಿಸುವವರೂ ಒಂದೇ ತಂಡದಲ್ಲಿರಬೇಕೆಂದು ಬಯಸುವವರು ಇಂಗ್ಲೆಂಡಿಗೆ ಬರಬೇಕು. ಇಲ್ಲಿನ ತಂಡಗಳು ಶಾಲೆಯ ಗೆಳೆಯರು, ಕೇರಿಯ ಗೆಳೆಯರು ಸೇರಿ ಕಟ್ಟಿಕೊಂಡಂಥವು. ಬರ್ಮಿಂಗ್‌ಹ್ಯಾಮ್ ನಗರದ ಹ್ಯಾಂಡ್ಸ್‌ವರ್ತ್ ಬಡಾವಣೆಯ ಸ್ಟೀಲ್ ಪಲ್ಸ್ ತಂಡ 1978ರಲ್ಲಿ ತಮ್ಮ ಬಡಾವಣೆಯ ಹೆಸರಿನಲ್ಲಿಯೇ ‘ಹ್ಯಾಂಡ್ಸ್‌ವರ್ತ್ ರೆವಲ್ಯೂಷನ್’ ಎಂಬ ಆಲ್ಬಮ್ ತಂದಿತು. ವಾದ್ಯಗಳ ಹೆಣಿಗೆಯಲ್ಲಿ ಅದಕ್ಕೆ ಸಾಟಿಯಾಗುವ ಮೊದಲ ಆಲ್ಬಮ್ ರೆಗೆಯಲ್ಲಿ ಅಪರೂಪ.

ನಮ್ಮವರಿಗೆ ಹತ್ತಿರವಾಗಬೇಕಾದ ತಂಡ ಮಿಸ್ಟಿ ಇನ್ ರೂಟ್ಸ್. ಇವರು ಪಂಜಾಬಿಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಲಂಡನ್ನಿನ ಸೌತಾಲ್‌ನವರು. 1979ರ ಏಪ್ರಿಲ್ 23ರಂದು ನ್ಯಾಷನಲ್ ಫ್ರಂಟ್ ಎಂಬ ಜನಾಂಗದ್ವೇಷಿ ಪಕ್ಷ ಸೌತಾಲ್ ಪುರಭವನದಲ್ಲಿ ಸಭೆ ನಡೆಸಲು ಬಂದಾಗ, ಅದನ್ನು ತಡೆಯಲು ಏಷ್ಯಾದವರೂ ಕೆರಿಬಿಯನ್ನರೂ ಒಟ್ಟಾಗಿ ಬೀದಿಗಿಳಿದರು. ಬ್ಲೇರ್ ಪೀಚ್ ಎಂಬ ಶಿಕ್ಷಕರು ಅಂದಿನ ಪೊಲೀಸ್ ಕಾರ್ಯಾಚರಣೆಯಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತರು. ಮಿಸ್ಟಿ ತಂಡದ ವ್ಯವಸ್ಥಾಪಕರಾದ ಕ್ಲಾರೆನ್ಸ್ ಬೇಕರ್ ತೀವ್ರವಾಗಿ ಗಾಯಗೊಂಡರು. ಅದೇ ವರ್ಷ ಬ್ರಸೆಲ್ಸ್‌ನಲ್ಲಿ ಧ್ವನಿಮುದ್ರಿಸಿದ ‘ಲೈವ್ ಅಟ್ ದ ಕೌಂಟರ್ ಯೂರೋವಿಷನ್’ ಆಲ್ಬಮ್ಮನ್ನು ಈ ಹಿನ್ನೆಲೆ ತಿಳಿದು ಕೇಳಿ. ನಿಧಾನವಾಗಿ, ಒಂದು ಹಾಡಿನಿಂದ ಇನ್ನೊಂದಕ್ಕೆ ಬಿಗಿಯಾಗುತ್ತ ಹೋಗುವ ಅಂಥ ವೇದಿಕೆಯ ಧ್ವನಿಮುದ್ರಣ ಇನ್ನೊಂದನ್ನು ನಾನು ಕೇಳಿಲ್ಲ.

ಯುಬಿ40 ತಂಡವನ್ನು ಕೂಡ ಬಿಡಬಾರದು.

ಹಳೆಯ_ಕ್ಯಾಸೆಟ್ಟು

ಯುಬಿ40 ಬೇಡ ಮೇಡಂ. ಬೇರೆಯವರ ಹಾಡುಗಳಿಗೆ ಸಕ್ಕರೆ ಬೆರೆಸಿ ಮಾರಿದ ತಂಡವನ್ನು ಹೊಸಬರಿಗೆ ತೋರಿಸಿದರೆ ಅವರು ಅದನ್ನೇ ರೆಗೆ ಎಂದು ತಿಳಿಯುತ್ತಾರೆ.

ಲಂಡನ್_ಕನ್ನಡತಿ

ನೀವು ಹೇಳುತ್ತಿರುವುದು 1983ರ ‘ಲೇಬರ್ ಆಫ್ ಲವ್’ ಮತ್ತು ಅದರ ನಂತರದ ವರ್ಷಗಳ ಬಗ್ಗೆ. ನಾನು ಹೇಳುತ್ತಿರುವುದು 1980ರ ‘ಸೈನಿಂಗ್ ಆಫ್’ ಬಗ್ಗೆ. ನಿರುದ್ಯೋಗ ಭತ್ಯೆಯ ಅರ್ಜಿ ನಮೂನೆಯ ಸಂಖ್ಯೆಯನ್ನೇ ತಂಡದ ಹೆಸರಾಗಿಟ್ಟುಕೊಂಡು, ಅದೇ ನಮೂನೆಯ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ಬರ್ಮಿಂಗ್‌ಹ್ಯಾಮ್‌ನ ಒಂದು ಪುಟ್ಟ ಬಾಡಿಗೆ ಮನೆಯಲ್ಲಿ ಧ್ವನಿಮುದ್ರಿಸಿದ ಆಲ್ಬಮ್ ಅದು. ಅಮೆರಿಕದಲ್ಲಿ ಅನ್ಯಾಯವಾಗಿ ಸೆರೆಯಾದ ಗ್ಯಾರಿ ಟೈಲರ್ ಎಂಬ ಕಪ್ಪು ಹುಡುಗನ ಬಗ್ಗೆಯೂ ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆಯೂ ಥ್ಯಾಚರ್ ಬಗ್ಗೆಯೂ ಅದರಲ್ಲಿ ಹಾಡುಗಳಿವೆ. ಬಿಳಿಯರು, ಕೆರಿಬಿಯನ್ ಮೂಲದವರು, ಯೆಮನ್ ಮೂಲದವರು ಒಂದೇ ತಂಡದಲ್ಲಿದ್ದರು. ತಂಡದ ನಂತರದ ದಾರಿ ನಿಮಗೆ ಹಿಡಿಸದಿರಬಹುದು, ಅದಕ್ಕಾಗಿ ಈ ಆಲ್ಬಮ್ಮನ್ನು ಹೊಸಬರಿಂದ ಮರೆಮಾಡುವುದು ನ್ಯಾಯವಲ್ಲ.

ಕುಡ್ಲದ_ಕಿವಿ

‘ಸೈನಿಂಗ್ ಆಫ್’ ವಿಷಯದಲ್ಲಿ ಕನ್ನಡತಿಯವರ ಮಾತೇ ಸರಿ.

ಶರಾವತಿ_ಕಣಿವೆ

ಎಲ್ಲರಿಗೂ ಕೃತಜ್ಞತೆಗಳು. ಟೂಟ್ಸ್ ಕೇಳಿದೆ, ಬಹಳ ಇಷ್ಟವಾಯಿತು. ಬೇಸ್_ತಂತಿಯವರು ಹೇಳಿದ ಬರ್ನಿಂಗ್ ಸ್ಪಿಯರ್ ತಂಡದ ‘ಮಾರ್ಕಸ್ ಗಾರ್ವಿ’ ಆಲ್ಬಮ್ಮನ್ನೂ ಕೇಳಿದೆ. ಅದರಲ್ಲಿ ನಾಲ್ಕೇ ಸಾಲುಗಳು ಮತ್ತೆ ಮತ್ತೆ ಬಂದರೂ ಬೇಸರವಾಗಲಿಲ್ಲ, ಯಾರೋ ಮಂತ್ರ ಹೇಳುತ್ತಿರುವಂತೆ ಮನಸ್ಸು ಅದರಲ್ಲಿಯೇ ನಿಂತಿತು. ಆದರೆ ಆ ಗಾರ್ವಿ ಯಾರು, ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಬ್ಯಾಬಿಲೋನ್ ಏನು ಎಂಬುದು ತಿಳಿಯದೆ ಅರ್ಧ ಹೊರಗೇ ಉಳಿದಂತಾಯಿತು.

ಧ್ವನಿಮುದ್ರಿಕೆ_ಸಂಗ್ರಹ

ಮಾರ್ಕಸ್ ಗಾರ್ವಿ 1887ರಲ್ಲಿ ಜಮೈಕಾದ ಸೇಂಟ್ ಆನ್ಸ್ ಬೇ ಎಂಬ ಊರಿನಲ್ಲಿ ಹುಟ್ಟಿದವರು. ಗುಲಾಮರಾಗಿ ಸಾಗಿಸಲ್ಪಟ್ಟವರ ಸಂತತಿಗೆ ಆಫ್ರಿಕಾದ ಬಗ್ಗೆ ಹೆಮ್ಮೆಯನ್ನು ಮರಳಿ ಕೊಟ್ಟ ನಾಯಕರು. ಬರ್ನಿಂಗ್ ಸ್ಪಿಯರ್‌ನ ವಿನ್‌ಸ್ಟನ್ ರಾಡ್ನಿ ಹುಟ್ಟಿದ್ದೂ ಅದೇ ಊರಿನಲ್ಲಿ. ಆದ್ದರಿಂದ ಆ ಆಲ್ಬಮ್ ಊರಿನ ಹಿರಿಯನೊಬ್ಬನನ್ನು ಮರೆತವರಿಗೆ ಕೊಟ್ಟ ಎಚ್ಚರಿಕೆಯೂ ಹೌದು. 1930ರಲ್ಲಿ ಇಥಿಯೋಪಿಯಾದ ಚಕ್ರವರ್ತಿಯಾಗಿ ಪಟ್ಟಕ್ಕೇರಿದ ಹೈಲೆ ಸೆಲಾಸಿಯನ್ನು ದೈವವೆಂದು ನಂಬುವ ರಾಸ್ತಫಾರಿ ಪಂಥದವರಿಗೆ ಗಾರ್ವಿ ಪ್ರವಾದಿಯಂತೆ. ಬೈಬಲಿನಲ್ಲಿ ಇಸ್ರೇಲಿನ ಜನರನ್ನು ಸೆರೆ ಒಯ್ದ ಬ್ಯಾಬಿಲೋನ್ ಇವರ ಹಾಡುಗಳಲ್ಲಿ ವಸಾಹತುಶಾಹಿಗೆ, ಪೊಲೀಸರಿಗೆ, ಒಟ್ಟಿನಲ್ಲಿ ತುಳಿಯುವ ವ್ಯವಸ್ಥೆಗೆಲ್ಲ ನಿಲ್ಲುತ್ತದೆ. ಇಷ್ಟು ತಿಳಿದರೆ ಎಪ್ಪತ್ತರ ದಶಕದ ಮುಕ್ಕಾಲು ಹಾಡುಗಳ ಒಳಗೆ ಹೋಗಬಹುದು.

ಕಲ್ಚರ್ ತಂಡದ ‘ಟೂ ಸೆವೆನ್ಸ್ ಕ್ಲ್ಯಾಷ್’ ಹಾಡಿನ ಹಿಂದೆಯೂ ಗಾರ್ವಿಯ ಹೆಸರಿನಲ್ಲಿ ಹರಿದಾಡಿದ ಭವಿಷ್ಯವಾಣಿಯಿದೆ. ಎರಡು ಏಳುಗಳು ಕೂಡುವಾಗ ಅನಾಹುತವಾಗುತ್ತದೆಂಬ ಮಾತು ಅದು. 1977ರ ಜುಲೈ 7ರಂದು ಕಿಂಗ್‌ಸ್ಟನ್ನಿನಲ್ಲಿ ಅನೇಕರು ಹೆದರಿ ಮನೆಯಿಂದ ಹೊರಬರಲಿಲ್ಲವೆಂದು ಹೇಳುತ್ತಾರೆ. ಅಷ್ಟು ಭಯದ ವಿಷಯವನ್ನು ಜೋಸೆಫ್ ಹಿಲ್ ಕುಣಿಯುವ ರಾಗದಲ್ಲಿ ಹಾಡಿದ್ದಾರೆ.

ಬಯಲುಸೀಮೆ_77

ಬ್ಯಾಬಿಲೋನ್ ಎಂದಾಗ ನೆನಪಾಯಿತು. ನಮ್ಮ ತಂದೆಯವರ ಕಾಲದಲ್ಲಿ ಮನೆಮನೆಯಲ್ಲಿ ಬೋನಿ ಎಂ ಕ್ಯಾಸೆಟ್ ಇರುತ್ತಿತ್ತು. ಅದರಲ್ಲಿ ‘ರಿವರ್ಸ್ ಆಫ್ ಬ್ಯಾಬಿಲೋನ್’ ಇತ್ತು. ಅದೂ ರೆಗೆಯೇ?

ಧ್ವನಿಮುದ್ರಿಕೆ_ಸಂಗ್ರಹ

ಮೂಲ ಹಾಡು ಅಪ್ಪಟ ಜಮೈಕಾದ್ದು. ಮೆಲೋಡಿಯನ್ಸ್ ಎಂಬ ಮೂವರ ತಂಡ ಲೆಸ್ಲಿ ಕಾಂಗ್ ಎಂಬ ನಿರ್ಮಾಪಕರಿಗಾಗಿ 1970ರಲ್ಲಿ ಹಾಡಿದ್ದು, ಸಾಹಿತ್ಯ ಬೈಬಲಿನ 137ನೆಯ ಕೀರ್ತನೆಯಿಂದ ಬಂದದ್ದು. ಬೋನಿ ಎಂ ಅದನ್ನು ಡಿಸ್ಕೋ ಕುಣಿತಕ್ಕೆ ಹೊಂದಿಸಿ 1978ರಲ್ಲಿ ಲೋಕಪ್ರಸಿದ್ಧಗೊಳಿಸಿತು. ನಿಮ್ಮ ತಂದೆಯವರಿಗೆ ಮೆಲೋಡಿಯನ್ಸ್‌ನ ಹಾಡನ್ನು ಕೇಳಿಸಿ. ಊರು ಕಳೆದುಕೊಂಡವರ ದುಃಖ ಅದರಲ್ಲಿ ಮಾಸದೆ ಉಳಿದಿದೆ. ‘ದ ಹಾರ್ಡರ್ ದೇ ಕಮ್’ ಎಂಬ 1972ರ ಜಮೈಕಾ ಚಲನಚಿತ್ರದ ಧ್ವನಿಮುದ್ರಿಕೆಯಲ್ಲಿ ಆ ಹಾಡೂ ಇದೆ, ಮೇಟಲ್ಸ್‌ನ ‘ಪ್ರೆಷರ್ ಡ್ರಾಪ್’ ಕೂಡ ಇದೆ. ಒಂದೇ ಸಂಕಲನದಲ್ಲಿ ಹಲವು ತಂಡಗಳ ರುಚಿ ಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಬೇಸ್_ತಂತಿ

ಕೇಳುವ ಉಪಕರಣದ ಬಗ್ಗೆ ಯಾರೂ ಮಾತೆತ್ತಿಲ್ಲ. ಮೊಬೈಲಿನ ಸ್ಪೀಕರಿನಲ್ಲಿ ದಯವಿಟ್ಟು ರೆಗೆ ಕೇಳಬೇಡಿ. ಬೇಸ್ ಗಿಟಾರಿನ ಕೆಳಸ್ವರಗಳು ಅಷ್ಟು ಪುಟ್ಟ ಸ್ಪೀಕರಿನಿಂದ ಹೊರಡುವುದೇ ಇಲ್ಲ, ಆಗ ಕೇಳಿಸುವುದು ಗಿಟಾರಿನ ಕತ್ತರಿ ಸದ್ದು ಮತ್ತು ದನಿ ಮಾತ್ರ. ಈ ಸಂಗೀತ ಬೆಳೆದದ್ದೇ ಕಿಂಗ್‌ಸ್ಟನ್ನಿನ ಬೀದಿಗಳಲ್ಲಿ ಆಳೆತ್ತರದ ಸ್ಪೀಕರುಗಳನ್ನು ಜೋಡಿಸಿ ನಡೆಸುತ್ತಿದ್ದ ಸೌಂಡ್ ಸಿಸ್ಟಮ್ ಕೂಟಗಳಿಂದ. ಸ್ಟುಡಿಯೋ ಒನ್‌ನ ಕಾಕ್ಸನ್ ಡಾಡ್, ಟ್ರೆಷರ್ ಐಲ್ ಸ್ಟುಡಿಯೋದ ಡ್ಯೂಕ್ ರೀಡ್ ಇಬ್ಬರೂ ಮೊದಲು ಸೌಂಡ್ ಸಿಸ್ಟಮ್ ನಡೆಸುತ್ತಿದ್ದವರು, ಧ್ವನಿಮುದ್ರಣಕ್ಕೆ ಇಳಿದದ್ದು ಆಮೇಲೆ. ಸಾಧಾರಣ ಇಯರ್‌ಫೋನ್ ಆದರೂ ಸರಿ, ಅದಿಲ್ಲದೆ ಆರಂಭಿಸಬೇಡಿ.

ಇಯರ್‌ಫೋನ್ ಸಿಕ್ಕ ಮೇಲೆ ಶರಾವತಿಯವರು ಇನ್ನೊಂದು ಕೆಲಸ ಮಾಡಬಹುದು. ‘ಮಾರ್ಕಸ್ ಗಾರ್ವಿ’ ಕೇಳಿದ್ದೀರಲ್ಲ, ಅದೇ ಹಾಡುಗಳ ಡಬ್ ರೂಪ ‘ಗಾರ್ವೀಸ್ ಘೋಸ್ಟ್’ ಎಂಬ ಹೆಸರಿನಲ್ಲಿ 1976ರಲ್ಲಿ ಬಂದಿದೆ. ಅದರಲ್ಲಿ ದನಿಯನ್ನು ಬಹುಪಾಲು ತೆಗೆದು, ಡ್ರಮ್ಮು ಮತ್ತು ಬೇಸ್ ಮುಂದಕ್ಕೆ ತಂದು, ಪ್ರತಿಧ್ವನಿ ಸೇರಿಸಿದ್ದಾರೆ. ಮೂಲವನ್ನೂ ಡಬ್ಬನ್ನೂ ಜೊತೆಗೆ ಕೇಳಿದರೆ ಹಿಮ್ಮೇಳದವರ ಕೆಲಸ ಕಣ್ಣಿಗೆ ಕಟ್ಟುತ್ತದೆ.

ಹಳೆಯ_ಕ್ಯಾಸೆಟ್ಟು

ಹೊಸಬರಿಗೆ ಡಬ್ ಇಷ್ಟು ಬೇಗ ಬೇಡವೆಂದು ನನ್ನ ಅಭಿಪ್ರಾಯ. ಹಾಡನ್ನು ಪ್ರೀತಿಸಿದ ಮೇಲೆ ಅದರ ಎಲುಬು ನೋಡಬೇಕು.

ಮೃದಂಗದ_ಮನೆ

ನನಗೆ ರೆಗೆ ಹಿಡಿಸಿದ್ದೇ ಡಬ್ ಮೂಲಕ. ಕಿಂಗ್ ಟಬ್ಬಿ ಮಿಶ್ರಣ ಮಾಡಿದ, ಅಗಸ್ಟಸ್ ಪ್ಯಾಬ್ಲೋ ಮೆಲೋಡಿಕಾ ಎಂಬ ಊದಿ ನುಡಿಸುವ ಪುಟ್ಟ ಕೀಬೋರ್ಡ್ ನುಡಿಸಿದ 1976ರ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಕೇಳದಿದ್ದರೆ ನಾನು ಹಾಡುಗಳ ಕಡೆಗೆ ಬರುತ್ತಲೇ ಇರಲಿಲ್ಲ. ವಾದ್ಯ ಕಲಿತವರಿಗೆ ಆ ದಾರಿಯೇ ಸುಲಭ.

ತುಂಗಾ_ತೀರ

ಇಲ್ಲಿಯವರೆಗೆ ಸೂಚಿಸಿದ ರೆಗೆ ತಂಡಗಳಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲವೆಂಬುದನ್ನು ಯಾರಾದರೂ ಗಮನಿಸಿದಿರಾ? ಟಾಶ್ ಮತ್ತು ಬನ್ನಿ ಹೋದ ಮೇಲೆ ಮಾರ್ಲಿಯ ಹಾಡುಗಳಿಗೆ ಮೈ ತುಂಬಿಸಿದವರು ಐ-ತ್ರೀಸ್, ಅಂದರೆ ರೀಟಾ ಮಾರ್ಲಿ, ಮಾರ್ಸಿಯಾ ಗ್ರಿಫಿತ್ಸ್ ಮತ್ತು ಜೂಡಿ ಮೊವಾಟ್. ಮೂವರೂ ತಮ್ಮಷ್ಟಕ್ಕೆ ತಾವೇ ದೊಡ್ಡ ಗಾಯಕಿಯರು. ಅವರನ್ನು ಹಿನ್ನೆಲೆ ಗಾಯಕಿಯರೆಂದು ಒಂದೇ ಸಾಲಿನಲ್ಲಿ ಮುಗಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ.

ಬ್ಲ್ಯಾಕ್ ಉಹುರು ತಂಡವನ್ನು ಕೂಡ ಯಾರೂ ಹೇಳಿಲ್ಲ. ಮೈಕೆಲ್ ರೋಸ್, ಡಕೀ ಸಿಂಪ್ಸನ್ ಜೊತೆಗೆ ಅಮೆರಿಕದ ಸೌತ್ ಕ್ಯಾರೊಲಿನಾದಿಂದ ಬಂದ ಪ್ಯೂಮಾ ಜೋನ್ಸ್ ಎಂಬ ಗಾಯಕಿ ಇದ್ದ ಕಾಲದ ತಂಡವೇ ಆ ಹೆಸರಿನ ಶ್ರೇಷ್ಠ ತಂಡ. 1981ರ ‘ರೆಡ್’ ಆಲ್ಬಮ್ಮನ್ನು ಕೇಳಿ. ರೋಸ್‌ನ ಗಮಕ ತುಂಬಿದ ದನಿಯ ಮೇಲೆ ಪ್ಯೂಮಾಳ ತಣ್ಣನೆಯ ದನಿ ತೇಲುತ್ತದೆ. ರೆಗೆಗೆಂದು ಗ್ರ್ಯಾಮಿ ಪ್ರಶಸ್ತಿ ಆರಂಭವಾದಾಗ, 1985ರಲ್ಲಿ, ಮೊದಲನೆಯದು ಸಂದದ್ದು ಈ ಮೂವರ ‘ಆಂಥೆಮ್’ ಆಲ್ಬಮ್ಮಿಗೆ.

ಬೇಸ್_ತಂತಿ

ಆ ಆಲ್ಬಮ್ಮುಗಳ ಹಿಮ್ಮೇಳ ಸ್ಲೈ ಡನ್‌ಬಾರ್ ಮತ್ತು ಬೇಸ್ ವಾದಕ ರಾಬಿ ಶೇಕ್ಸ್‌ಪಿಯರ್ ಜೋಡಿಯದು. ಚಾನೆಲ್ ಒನ್‌ನ ಸ್ಲೈ ಇಲ್ಲಿಗೆ ಬರುವಾಗ ಎಲೆಕ್ಟ್ರಾನಿಕ್ ಡ್ರಮ್ಮನ್ನೂ ಸೇರಿಸಿಕೊಂಡಿದ್ದಾರೆ. ರಾಬಿ 2021ರಲ್ಲಿ ತೀರಿಕೊಂಡರು. ಅವರ ಬೇಸ್ ಕೇಳಿಯೇ ನಾನು ಈ ವಾದ್ಯ ಹಿಡಿದವನು.

ಲಂಡನ್_ಕನ್ನಡತಿ

ತುಂಗಾ ಅವರ ಮಾತಿಗೆ ಸೇರಿಸುತ್ತೇನೆ. ಹದಿಹರೆಯದ ಇಬ್ಬರು ಹುಡುಗಿಯರ ಜೋಡಿ ಆಲ್ತಿಯಾ ಅಂಡ್ ಡೋನಾ ಹಾಡಿದ ‘ಅಪ್‌ಟೌನ್ ಟಾಪ್ ರ‍್ಯಾಂಕಿಂಗ್’ 1978ರಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು. ಅದೂ ಜೋ ಗಿಬ್ಸ್ ಸ್ಟುಡಿಯೋದ್ದೇ. ಜಮೈಕಾದ ಆಡುನುಡಿ ತುಂಬಿದ್ದರೂ ಇಲ್ಲಿನ ಜನ ಅದನ್ನು ಮೊದಲ ಸ್ಥಾನಕ್ಕೇರಿಸಿದರು ಎಂಬುದು ಶರಾವತಿಯವರ ಭಾಷೆಯ ಪ್ರಶ್ನೆಗೂ ಉತ್ತರ.

ಕುಡ್ಲದ_ಕಿವಿ

ಇಸ್ರೇಲ್ ವೈಬ್ರೇಷನ್ ತಂಡವನ್ನು ಹೇಳದೆ ಈ ಚರ್ಚೆ ಮುಂದುವರಿಯಬಾರದು. ಚಿಕ್ಕಂದಿನಲ್ಲಿ ಪೋಲಿಯೋ ತಗುಲಿದ ಮೂವರು ಕಿಂಗ್‌ಸ್ಟನ್ನಿನ ಮೋನಾ ಪುನರ್ವಸತಿ ಕೇಂದ್ರದಲ್ಲಿ ಒಬ್ಬರಿಗೊಬ್ಬರು ಪರಿಚಯವಾದರು. ರಾಸ್ತಫಾರಿ ನಂಬಿಕೆ ಹಿಡಿದ ಮೇಲೆ ಆ ಆಶ್ರಯವೂ ತಪ್ಪಿ ಬೀದಿಯಲ್ಲಿ ಬದುಕಿದರು, ಅಲ್ಲಿಯೇ ಹಾಡಿದರು. 1978ರ ‘ದ ಸೇಮ್ ಸಾಂಗ್’ ಅವರ ಮೊದಲ ಆಲ್ಬಮ್. ಊರುಗೋಲು ಹಿಡಿದು ವೇದಿಕೆಯ ಮೇಲೆ ಕುಣಿಯುವ ಅವರ ದೃಶ್ಯಗಳನ್ನು ನೋಡಿದರೆ ಕಣ್ಣು ತುಂಬುತ್ತದೆ, ಆದರೆ ಅವರ ಹಾಡು ಕರುಣೆ ಬೇಡುವುದಿಲ್ಲ. ದನಿಗಳು ಸ್ವಲ್ಪ ಅಲುಗುತ್ತವೆ, ಒಂದಕ್ಕೊಂದು ಪೂರ್ತಿ ಕೂಡುವುದಿಲ್ಲ. ಆ ಅಲುಗಾಟವೇ ಅವರ ಗುರುತು. ಎಂಬತ್ತರ ದಶಕದ ಕೊನೆಯಲ್ಲಿ ಅವರು ಮತ್ತೆ ಒಂದಾದಾಗ ಹಿಮ್ಮೇಳಕ್ಕೆ ನಿಂತವರು ರೂಟ್ಸ್ ರ‍್ಯಾಡಿಕ್ಸ್.

ಬಯಲುಸೀಮೆ_77

ಎಲ್ಲವೂ ನಲವತ್ತು ಐವತ್ತು ವರ್ಷಗಳ ಹಿಂದಿನದಾಯಿತು. ಈಗಿನವರು ಯಾರೂ ಇಲ್ಲವೇ? ನಾನು ಅಮೆರಿಕದ ಸೋಜಾ ತಂಡವನ್ನು ಕೇಳುತ್ತೇನೆ. ಅದು ಕಿವಿಗೆ ಹಿತವಾಗಿದೆ, ಮಾತೂ ಅರ್ಥವಾಗುತ್ತದೆ.

ಹಳೆಯ_ಕ್ಯಾಸೆಟ್ಟು

2022ರಲ್ಲಿ ಜಮೈಕಾದ ಕಲಾವಿದರನ್ನು ಬದಿಗಿಟ್ಟು ಸೋಜಾ ತಂಡಕ್ಕೆ ಗ್ರ್ಯಾಮಿ ಕೊಟ್ಟಾಗ ಅನೇಕರು ಬೇಸರಪಟ್ಟರು. ಆ ಬೇಸರಕ್ಕೆ ಕಾರಣವಿತ್ತು. ಹಾಡು ಕಟ್ಟಿದ ಕೇರಿಗೆ ಸಿಗದ ಮನ್ನಣೆ, ಹಣ, ಪ್ರವಾಸದ ಅವಕಾಶಗಳು ಕಲಿತು ಹಾಡಿದವರಿಗೆ ಸುಲಭವಾಗಿ ಸಿಗುತ್ತವೆ.

ತುಂಗಾ_ತೀರ

ಪ್ರಶಸ್ತಿಯ ತಪ್ಪನ್ನು ತಂಡದ ಮೇಲೆ ಹೊರಿಸಬಾರದು. ಆದರೂ ಇಂದಿನ ಜಮೈಕಾ ಕೇಳಬೇಕೆಂದರೆ ಕ್ರಾನಿಕ್ಸ್ ಮತ್ತು ಅವರ ಜಿಂಕ್‌ಫೆನ್ಸ್ ರಿಡೆಂಪ್ಷನ್ ತಂಡ, ಪ್ರೋಟೋಜೆ ಮತ್ತು ಅವರ ಇಂಡಿಗ್‌ನೇಷನ್ ತಂಡ ಇವೆ. ರೇಜಿಂಗ್ ಫಯಾ ಎಂಬುದು ಹಾಡುವವರೂ ಬಾರಿಸುವವರೂ ಒಂದೇ ತಂಡವಾಗಿ ಬೆಳೆದ ಗುಂಪು. ಕ್ರಾನಿಕ್ಸ್‌ನ 2017ರ ‘ಕ್ರೊನಾಲಜಿ’ ಇವುಗಳಿಗೆ ಒಳ್ಳೆಯ ಬಾಗಿಲು.

ನಮ್ಮ ದೇಶದಲ್ಲಿ ದೆಹಲಿಯ ಸ್ಕಾ ವೆಂಜರ್ಸ್ ತಂಡವಿದೆ, ಅಲ್ಲಿಯದೇ ರೆಗೆ ರಾಜಾಸ್ ಬಳಗ ಗೋವಾದಲ್ಲಿ ಸನ್‌ಸ್ಪ್ಲ್ಯಾಷ್ ಎಂಬ ರೆಗೆ ಉತ್ಸವವನ್ನು ಆರಂಭಿಸಿತು. ದೊಡ್ಡ ಸ್ಪೀಕರುಗಳ ಮುಂದೆ ನಿಂತು ಎದೆಯಲ್ಲಿ ಬೇಸ್ ಅನುಭವಿಸಬೇಕೆಂದರೆ ಕರ್ನಾಟಕದವರಿಗೆ ಅದೇ ಹತ್ತಿರದ ಜಾಗ.

ಆಕ್ಲೆಂಡ್_ಅಣ್ಣ

ನ್ಯೂಜಿಲೆಂಡಿನಿಂದ ಒಂದು ಹೆಸರು ಸೇರಿಸುತ್ತೇನೆ. 1979ರ ಏಪ್ರಿಲಿನಲ್ಲಿ ಮಾರ್ಲಿ ಆಕ್ಲೆಂಡಿನಲ್ಲಿ ಹಾಡಿದ ನಂತರ ಇಲ್ಲಿನ ಮಾವೋರಿ ಮತ್ತು ಪೆಸಿಫಿಕ್ ದ್ವೀಪಗಳ ಜನ ರೆಗೆಯನ್ನು ತಮ್ಮದಾಗಿಸಿಕೊಂಡರು. ಹರ್ಬ್ಸ್ ತಂಡದ 1981ರ ‘ವಾಟ್ಸ್ ಬಿ ಹ್ಯಾಪನ್’ ಇದರ ಮೊದಲ ದೊಡ್ಡ ಫಲ. ಬ್ಯಾಸ್ಟಿಯನ್ ಪಾಯಿಂಟ್ ಎಂಬಲ್ಲಿ ಮಾವೋರಿಗಳು ತಮ್ಮ ನೆಲಕ್ಕಾಗಿ ಹೂಡಿದ್ದ ಧರಣಿಯನ್ನು 1978ರಲ್ಲಿ ಪೊಲೀಸರು ತೆರವುಗೊಳಿಸಿದ ಚಿತ್ರವನ್ನೇ ಅದರ ಮುಖಪುಟದಲ್ಲಿ ಹಾಕಿದ್ದಾರೆ. ನೆಲ ಕಳೆದುಕೊಂಡವರು ಈ ಸಂಗೀತವನ್ನು ಬೇಗ ಗುರುತಿಸುತ್ತಾರೆ ಎಂಬುದನ್ನು ನಾನು ಇಲ್ಲಿ ಬಂದ ಮೇಲೆ ಕಂಡುಕೊಂಡೆ. ಇಂದಿಗೂ ಇಲ್ಲಿ ಬೇಸಿಗೆಯ ಯಾವ ಕೂಟಕ್ಕೆ ಹೋದರೂ ರೆಗೆ ಕೇಳಿಸುತ್ತದೆ.

ಶರಾವತಿ_ಕಣಿವೆ

ಮೈಟಿ ಡೈಮಂಡ್ಸ್ ಮತ್ತು ಕಲ್ಚರ್ ಎರಡನ್ನೂ ಕೇಳಿದೆ. ಬೇಸ್_ತಂತಿಯವರು ಹೇಳಿದ ವ್ಯತ್ಯಾಸ ಈಗ ಸ್ಪಷ್ಟವಾಗಿ ತಿಳಿಯುತ್ತಿದೆ. ಮೂರು ದನಿಗಳ ತಂಡಗಳಲ್ಲಿಯೇ ಇನ್ನೂ ಮುಂದೆ ಹೋಗಬೇಕೆಂದರೆ ಅಬಿಸೀನಿಯನ್ಸ್ ಮೊದಲ ಆಯ್ಕೆಯೇ ಅಥವಾ ಕಾಂಗೋಸ್ ಮೊದಲೇ?

ಧ್ವನಿಮುದ್ರಿಕೆ_ಸಂಗ್ರಹ

ಅಬಿಸೀನಿಯನ್ಸ್ ಮೊದಲು. ಅವರ ‘ಸಟ್ಟಾ ಮಸ್ಸಗಾನಾ’ 1969ರಲ್ಲಿ ಸ್ಟುಡಿಯೋ ಒನ್‌ನಲ್ಲಿ ಧ್ವನಿಮುದ್ರಣವಾಯಿತು. ಇದು ಮಾರಾಟವಾಗುವುದಿಲ್ಲವೆಂದು ಕಾಕ್ಸನ್ ಡಾಡ್ ಅದನ್ನು ಪಕ್ಕಕ್ಕಿಟ್ಟರು. ತಂಡದವರು ತಮ್ಮ ಹಣದಿಂದ ಟೇಪು ಕೊಂಡು 1971ರಲ್ಲಿ ತಾವೇ ಹೊರತಂದರು. ಆಮೇಲೆ ಆ ಹಾಡನ್ನು ಎಷ್ಟು ಜನ ಮರುಹಾಡಿದರೆಂದರೆ ಅದು ರಾಸ್ತಫಾರಿಗಳ ಪ್ರಾರ್ಥನೆಯೇ ಆಗಿಹೋಯಿತು. ಸಾವಕಾಶವಾದ, ಗಂಭೀರವಾದ ಹಾಡು ಅದು, ಮೂರು ದನಿಗಳಲ್ಲಿ ಯಾವುದೂ ಮುಂದೆ ನುಗ್ಗುವುದಿಲ್ಲ.

ಬೇಸ್_ತಂತಿ

ನಾನಾದರೆ ಕಾಂಗೋಸ್ ಎನ್ನುತ್ತೇನೆ. 1977ರ ‘ಹಾರ್ಟ್ ಆಫ್ ದ ಕಾಂಗೋಸ್’ ಲೀ ಪೆರಿ ತಮ್ಮ ಮನೆಯ ಹಿತ್ತಲಿನ ಬ್ಲ್ಯಾಕ್ ಆರ್ಕ್ ಸ್ಟುಡಿಯೋದಲ್ಲಿ ತಯಾರಿಸಿದ ಆಲ್ಬಮ್. ನಾಲ್ಕೇ ಟ್ರ್ಯಾಕುಗಳ ಯಂತ್ರದಲ್ಲಿ ಸದ್ದಿನ ಮೇಲೆ ಸದ್ದು ಪೇರಿಸಿ ನೀರಿನೊಳಗಿಂದ ಬಂದಂತಹ ನಾದವನ್ನು ಅವರು ಹೊರಡಿಸಿದ್ದಾರೆ. ಸೆಡ್ರಿಕ್ ಮೈಟನ್‌ನ ಎತ್ತರದ ಕಳ್ಳದನಿ, ರಾಯ್ಡೆಲ್ ಜಾನ್ಸನ್‌ನ ನಡುಸ್ಥಾಯಿ ಎರಡೂ ಆ ನಾದದಲ್ಲಿ ಮುಳುಗಿ ಏಳುತ್ತವೆ. ಅಬಿಸೀನಿಯನ್ಸ್‌ನಲ್ಲಿ ಹಾಡುವವರು ದೊಡ್ಡವರು, ಇಲ್ಲಿ ಹಾಡುವವರ ಜೊತೆಗೆ ಸ್ಟುಡಿಯೋ ಕೂಡ ತಂಡದ ಇನ್ನೊಬ್ಬ ಸದಸ್ಯನಂತೆ ಕೆಲಸ ಮಾಡಿದೆ.

ಧ್ವನಿಮುದ್ರಿಕೆ_ಸಂಗ್ರಹ

ಕೇಳುವಾಗ ಯಾವ ಮುದ್ರಣವೆಂದು ನೋಡಿಕೊಳ್ಳಿ. ಐಲೆಂಡ್ ಕಂಪನಿ ಅದನ್ನು ಆಗ ಹೊರತರಲಿಲ್ಲ, ಹಾಗಾಗಿ ವರ್ಷಗಟ್ಟಲೆ ಆ ಆಲ್ಬಮ್ ಹೆಚ್ಚು ಜನರಿಗೆ ಸಿಗಲಿಲ್ಲ. 1996ರಲ್ಲಿ ಬ್ಲಡ್ ಅಂಡ್ ಫೈರ್ ಎಂಬ ಇಂಗ್ಲೆಂಡಿನ ಸಂಸ್ಥೆ ಎಚ್ಚರಿಕೆಯಿಂದ ಮಾಡಿದ ಮರುಮುದ್ರಣದಲ್ಲಿ ಮೂಲದ ಹಾಡುಗಳ ಜೊತೆಗೆ ಡಬ್ ರೂಪಗಳೂ ಇವೆ. ಅದು ಸಿಕ್ಕಿದರೆ ಅದನ್ನೇ ಕೇಳಿ. ಮೊದಲ ಹಾಡು ‘ಫಿಷರ್‌ಮ್ಯಾನ್’, ಅದನ್ನು ಅರ್ಧಕ್ಕೆ ನಿಲ್ಲಿಸದೆ ಕೇಳಿ.